ಲುಥುಲಿ ಮೇಷ್ಟ್ರನ್ನು ಮಕ್ಕಳಿಗೆ ಪರಿಚಯಿಸಿ

ಮಾನ್ಯ ಸಂಪಾದಕರೇ,

ದಕ್ಷಿಣ ಆಫ್ರಿಕಾದ ಆಲ್ಬರ್ಟ್ ಲುಥುಲಿ 1960ರ ನೊಬೆಲ್ ಶಾಂತಿ ಪುರಸ್ಕೃತರು. ಅದಕ್ಕೂ ಮೊದಲು ಅವರು ಒಬ್ಬರೇ ಶಿಕ್ಷಕರಿದ್ದ ಹಳ್ಳಿಶಾಲೆಯ ಮೇಷ್ಟ್ರು. ಪಾದ್ರಿಯಲ್ಲದಿದ್ದರೂ ಮೆಥೊಡಿಸ್ಟ್ ಸಭೆಯಲ್ಲಿ ಉಪದೇಶ ಮಾಡುತ್ತಿದ್ದವರು. ತಾಯಿಯನ್ನು ಸಾಕಬೇಕೆಂದು ಫೋರ್ಟ್ ಹೇರ್ ಕಾಲೇಜಿನ ವಿದ್ಯಾರ್ಥಿವೇತನವನ್ನೇ ಬಿಟ್ಟುಕೊಟ್ಟವರು. ಎಂಥ ಮಗ! 1952ರಲ್ಲಿ ಸರ್ಕಾರ ಅವರ ಬುಡಕಟ್ಟು ಮುಖಂಡ ಪದವಿ ಕಿತ್ತುಕೊಂಡರೂ ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಪಕ್ಷವನ್ನು ತೊರೆಯಲಿಲ್ಲ. 1960ರಲ್ಲಿ ಕರಿಯರ ಓಡಾಟವನ್ನು ಕಟ್ಟಿಹಾಕಿದ್ದ ಪಾಸ್‌ಪುಸ್ತಕವನ್ನು ಎಲ್ಲರೆದುರೇ ಸುಟ್ಟರು.

1967ರಲ್ಲಿ ಅವರು ರೈಲು ಬಡಿದು ಸತ್ತರೆಂಬ ಸರ್ಕಾರದ ಮಾತನ್ನು ಕುಟುಂಬ ನಂಬಲಿಲ್ಲ. ಅದು ಹಲ್ಲೆಯಿಂದಾದ ಸಾವೆಂದು ಅಲ್ಲಿನ ನ್ಯಾಯಾಲಯ ಹೇಳಿದ್ದು 2025ರಲ್ಲಿ! ಇಷ್ಟು ವಿಳಂಬ ಸಂಕಟ ತರುತ್ತದೆ. ನಮ್ಮ ಶಾಲೆಗಳಲ್ಲಿ ಮಂಡೇಲಾ ಅವರ ಜೊತೆಗೆ ಈ ಮೇಷ್ಟ್ರ ಬದುಕನ್ನೂ ಹೇಳಿಕೊಡಬೇಕು.

– ನಿವೃತ್ತ ಶಿಕ್ಷಕ, ಧಾರವಾಡ