ಬೈಗುಳದ ಲೆಕ್ಕ ಸಾಕು, ಪರಿಹಾರದ ಲೆಕ್ಕ ಕೊಡಿ

ಮಾನ್ಯರೇ,

ಚುನಾವಣೆಯ ಪೈಪೋಟಿ ಬಿಗಿಯಾದಷ್ಟೂ ನಾಯಕರ ನಾಲಿಗೆ ಸಡಿಲವಾಗುತ್ತಿದೆ. 2018ರಲ್ಲಿ ಬಾದಾಮಿ ವಿಧಾನಸಭಾ ಕ್ಷೇತ್ರದ ಫಲಿತಾಂಶ ನಿಂತದ್ದು ಬರೀ 1,696 ಮತಗಳ ಅಂತರದ ಮೇಲೆ; ಹಾಗಾಗಿ ಆತಂಕ ಸಹಜ. ಆದರೆ ಇಲ್ಲಿನ ಚಹಾ ಅಂಗಡಿಗಳಲ್ಲೂ ಈಗ ಒಂದೇ ವಾದ: ಮೊದಲು ಏಕವಚನಕ್ಕಿಳಿದವರು ಯಾರು, ಮನೆಯ ಹೆಣ್ಣುಮಕ್ಕಳನ್ನು ಎಳೆದು ತಂದವರು ಯಾರು? ತಮ್ಮವರು ಬೈದರೆ ಜವಾರಿ ಮಾತು, ಎದುರಿನವರು ಬೈದರೆ ನಾಡಿಗೇ ಅವಮಾನ! ಕ್ಷಮೆ ಕೇಳಿಸಲು ರಸ್ತೆತಡೆ ಬೇರೆ. ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸದ ಖಾಸಗಿ ಬದುಕನ್ನು ಟೀಕಿಸಕೂಡದೆಂದು ಚುನಾವಣಾ ಆಯೋಗದ ಮಾದರಿ ನೀತಿಸಂಹಿತೆಯೇ ಹೇಳುತ್ತದೆ. ಯಾರಾದರೂ ದೂರು ಕೊಡಲೆಂದು ಕಾದು ಕೂರದೆ ಚುನಾವಣಾ ಅಧಿಕಾರಿಗಳು ಮರುದಿನವೇ ನೋಟಿಸ್ ಕೊಡಲಿ. ಆಲಮಟ್ಟಿ ಜಲಾಶಯದ ಮಟ್ಟ 524.256 ಮೀಟರಿಗೆ ಏರಿದರೆ ಮುಳುಗುವ ಹೊಲಗಳ ಪರಿಹಾರ ಯಾವಾಗ ಕೈಸೇರುತ್ತದೆ ಎಂಬುದನ್ನು ಅಭ್ಯರ್ಥಿಗಳು ಈಗ ಬೈಯುತ್ತಿರುವ ಅದೇ ವೇದಿಕೆಯಲ್ಲಿ ಹೇಳಲಿ.

– ಒಬ್ಬ ಮತದಾರ, ಬಾಗಲಕೋಟೆ