ಅಜ್ಜಿಯ ಫೋಟೋಗೆ ಬಣ್ಣ: ಮೂಲ ಪ್ರತಿ ಮುಟ್ಟಬೇಡಿ

ಮಾನ್ಯ ಸಂಪಾದಕರೇ,

ಮನೆಯ ಹಳೆಯ ಕಪ್ಪು-ಬಿಳುಪು ಫೋಟೋಗಳಿಗೆ ಕೈಯಾರೆ ಆಯಿಲ್ ಕಲರ್ ಹಚ್ಚುವ ಆಸೆ ಹಲವರಿಗಿದೆ. ಹಚ್ಚಲಿ. ಆದರೆ ಗೋಡೆಯಿಂದ ಇಳಿಸಿದ ಫೋಟೋದ ಮೇಲೇ ಹಚ್ಚುವುದು ಬೇಡ. ಒಣಗಿದ ಬಣ್ಣವನ್ನು ತೆಗೆಯಲು ಹೋದರೆ ಕೆಳಗೆ ಚಿತ್ರವನ್ನು ಹಿಡಿದಿರುವ ಜೆಲಾಟಿನ್ ಪದರವೂ ಕೆರೆದುಹೋಗಬಹುದು. ಮೊದಲು ಕಾಪಿ ಮಾಡಿಸಿ, ಫೈಬರ್ ಬೇಸ್ ಮ್ಯಾಟ್ (ಪ್ಲಾಸ್ಟಿಕ್ ಲೇಪವಿಲ್ಲದ, ಹೊಳಪಿಲ್ಲದ) ಫೋಟೋ ಪೇಪರಿನಲ್ಲಿ ಹೊಸ ಪ್ರಿಂಟ್ ಹಾಕಿಸಿಕೊಳ್ಳಿ. ಪ್ಲಾಸ್ಟಿಕ್ ಲೇಪದ, ಹೊಳೆಯುವ ಆರ್‌ಸಿ ಪೇಪರಿನಲ್ಲಿ ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ, ಒರೆಸಿದಂತೆಲ್ಲ ಜಾರುತ್ತದೆ.

ಪ್ರಿಂಟ್ ಮಾಮೂಲಿಗಿಂತ ತುಸು ತಿಳಿಯಾಗಿರಬೇಕು. ಕೆಳಗಿನ ಚಿತ್ರ ಕಾಣಲೆಂದು ಹಚ್ಚುವ ಪಾರದರ್ಶಕ ಬಣ್ಣ ಕಡುಗಪ್ಪು ನೆರಳಿನ ಮೇಲೆ ಕಾಣುವುದೇ ಇಲ್ಲ. ಮುಖಚಿತ್ರವಾದರೆ ಸೆಪಿಯಾ ಮಾಡಿಸುವುದು, ಅಂದರೆ ಪ್ರಿಂಟಿನ ಕಪ್ಪನ್ನು ರಾಸಾಯನಿಕದಿಂದ ಕಂದಾಗಿಸುವುದು, ಒಳ್ಳೆಯದು. ಬರೀ ಬೂದಿನ ಮೇಲೆ ಮೈಬಣ್ಣ ಹಚ್ಚಿದರೆ ಮುಖಕ್ಕೆ ಹೆಣದ ಕಳೆ ಬರುತ್ತದೆ. ಸೆಪಿಯಾಕ್ಕೆ ಮುಂಚೆ ಹರಿಯುವ ನೀರಿನಲ್ಲಿ ಸುಮಾರು ಒಂದು ಗಂಟೆ ತೊಳೆಯಬೇಕು. ಪ್ರಿಂಟ್ ಮಾಡುವಾಗ ಬಳಸಿದ ಹೈಪೊ (ಫಿಕ್ಸರ್ ರಾಸಾಯನಿಕ) ಉಳಿದಿದ್ದರೆ ಸೆಪಿಯಾದ ಮೊದಲ ಹಂತದ ಬ್ಲೀಚ್ ಅದರೊಂದಿಗೆ ಸೇರಿ ಚಿತ್ರದ ತಿಳಿ ಭಾಗಗಳನ್ನೇ ತಿಂದುಹಾಕುತ್ತದೆ.

ಪ್ರಿಂಟ್ ಪೂರ್ತಿ ಒಣಗಿದ ಮೇಲೆ ಎರಡು ಪಾಲು ಟರ್ಪೆಂಟೈನ್‌ಗೆ ಒಂದು ಪಾಲು ಅಗಸೆ ಎಣ್ಣೆ ಬೆರೆಸಿ ಹತ್ತಿಯಿಂದ ಸವರಿ, ಕೂಡಲೇ ಒಣ ಹತ್ತಿಯಿಂದ ಒರೆಸಿಬಿಡಿ. ಮೇಲ್ಮೈ ಒಣಗಿದಂತೆಯೇ ಕಾಣಬೇಕು. ಎಣ್ಣೆ ಹೆಚ್ಚಾಗಿ ಉಳಿದರೆ ಬಣ್ಣ ಹರಡುತ್ತದೆ, ಧೂಳು ಅಂಟುತ್ತದೆ, ಮುಂದೆ ಹಳದಿಗಟ್ಟುತ್ತದೆ.

ಬಣ್ಣದ ಆಯ್ಕೆಯಲ್ಲೇ ಹೆಚ್ಚಿನವರು ಎಡವುವುದು. ಹಲವು ಕಂಪನಿಗಳ ಟ್ಯೂಬಿನ ಮೇಲೆ ಪುಟ್ಟ ಚೌಕದ ಗುರುತಿರುತ್ತದೆ: ಖಾಲಿ ಚೌಕವಿದ್ದರೆ ಪಾರದರ್ಶಕ, ತುಂಬಿದ ಚೌಕವಿದ್ದರೆ ಅಪಾರದರ್ಶಕ. ವಿರಿಡಿಯನ್, ಪ್ರಷ್ಯನ್ ಬ್ಲೂ, ಕ್ವಿನಾಕ್ರಿಡೋನ್ ರೋಸ್ ಸರಿ. ಅಲಿಝರಿನ್ ಕ್ರಿಮ್ಸನ್ ಪಾರದರ್ಶಕವಾದರೂ ತೆಳುವಾಗಿ ಹಚ್ಚಿದಾಗ ಬೆಳಕಿಗೆ ಮಾಸುತ್ತದೆ. ‘ಫ್ಲೆಶ್ ಟಿಂಟ್’ ಕೊಳ್ಳಲೇಬೇಡಿ. ಅದರಲ್ಲಿ ಬಿಳಿ ಬೆರೆತಿರುವುದರಿಂದ ಅಪಾರದರ್ಶಕ, ನಮ್ಮ ಮೈಬಣ್ಣಕ್ಕೂ ಹೊಂದುವುದಿಲ್ಲ. ಬರ್ನ್ಟ್ ಸಿಯೆನ್ನಾಗೆ ಚೂರೇ ಚೂರು ರೋಸ್ ಸೇರಿಸಿದರೆ ಸಾಕು. (19ನೇ ಶತಮಾನದಲ್ಲಿ ರಾಜರ ಆಸ್ಥಾನಗಳ ಚಿತ್ರಗಾರರು ಫೋಟೋವೇ ಮರೆಯಾಗುವಷ್ಟು ದಪ್ಪ ಬಣ್ಣ ಬಳಿದದ್ದೂ ಉಂಟು. ಅದು ಬೇರೆಯೇ ಕಲೆ.)

ಬೆಂಕಿಕಡ್ಡಿಯ ತಲೆಯಷ್ಟು ಬಣ್ಣ ಒಂದು ಮುಖಕ್ಕೆ ಧಾರಾಳ. ಬಿದಿರು ಕಡ್ಡಿಗೆ ಹತ್ತಿ ಸುತ್ತಿ ಸುತ್ತು ಸುತ್ತಾಗಿ ಉಜ್ಜಿ, ಬೇಕಾದ ತಿಳಿ ಬರುವವರೆಗೆ ಹೊಸ ಹತ್ತಿಯಿಂದ ತೆಗೆಯುತ್ತ ಹೋಗಿ. ಹಿನ್ನೆಲೆ ಮೊದಲು, ಆಮೇಲೆ ಮುಖ, ಸೀರೆ. ತುಟಿ, ಕುಂಕುಮ, ಬಳೆ ಕೊನೆಗೆ. ಜರಿಯ ಮಿಂಚಿಗೆ ಮಾತ್ರ ಅಪಾರದರ್ಶಕ ಹಳದಿಯನ್ನು ಸಣ್ಣ ಕುಂಚದ ತುದಿಯಲ್ಲಿ ಮುಟ್ಟಿಸಬಹುದು. ಗೆರೆ ದಾಟಿದ ಬಣ್ಣ ಹಸಿಯಿರುವಾಗಲೇ ಟರ್ಪೆಂಟೈನ್ ಸೋಕಿಸಿದ ಹತ್ತಿಗೆ ಬಿಟ್ಟುಕೊಡುತ್ತದೆ.

ಒಣಗಲು ಕೆಲವು ದಿನ ಬೇಕು, ಮಳೆಗಾಲದಲ್ಲಿ ವಾರವೂ ಮೀರೀತು. ಬಿಸಿಲಿಗಿಡದೆ, ಧೂಳು ಬೀಳದಂತೆ ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿಡಿ. ಫ್ರೇಮಿನ ಗಾಜಿಗೂ ಪ್ರಿಂಟಿಗೂ ನಡುವೆ ರಟ್ಟಿನ ಮೌಂಟ್ ಇರಲಿ, ಇಲ್ಲವಾದರೆ ತೇವಕ್ಕೆ ಎರಡೂ ಅಂಟಿಕೊಳ್ಳುತ್ತವೆ.

ಅಗಸೆ ಎಣ್ಣೆ ಹೀರಿದ ಹತ್ತಿ, ಬಟ್ಟೆಗಳನ್ನು ಮುದ್ದೆಮಾಡಿ ಕಸದ ಬುಟ್ಟಿಗೆ ಎಸೆಯಬೇಡಿ. ಒಣಗುವಾಗ ಒಳಗೇ ಕಾವು ಏರಿ ತಾನಾಗಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಮುಚ್ಚಳವಿರುವ ತಗಡಿನ ಡಬ್ಬಕ್ಕೆ ಹಾಕಿ.

– ಓದುಗ, ದಾವಣಗೆರೆ