ಬ್ರೇಕ್ ಎಚ್ಚರಿಕೆ ಕೋಡ್‌ಗೆ ತಪ್ಪು ತಪಾಸಣೆ: ಎಬಿಎಸ್ ಮಾಡ್ಯೂಲ್ ಬದಲಿಸುವ ಎಸ್ಟಿಮೇಟ್‌ಗೆ ಆಕ್ಷೇಪ

ಇವರಿಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಎಲೆಕ್ಟ್ರಿಕ್ ಕಾರಿನಲ್ಲಿ ಸಿ0035 ಎಂಬ ದೋಷಸೂಚಕ ಕೋಡ್ ಮರುಕಳಿಸುತ್ತಿರುವುದು ಮತ್ತು ನಿಮ್ಮ ವರ್ಕ್‌ಶಾಪ್ ಕೊಟ್ಟಿರುವ 72,000 ರೂಪಾಯಿಯ ಎಸ್ಟಿಮೇಟ್ ಕುರಿತು.

ಮಾನ್ಯರೇ,

ನಿಮ್ಮ ಮಂಗಳೂರಿನ ವರ್ಕ್‌ಶಾಪ್‌ನಲ್ಲಿ ಮುಂದಿನ ಎಡ ಚಕ್ರದ ಹಬ್ ಬೇರಿಂಗ್ ಬದಲಾಯಿಸಿದ ನಾಲ್ಕನೇ ದಿನದಿಂದ ನನ್ನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ, ಟ್ರ್ಯಾಕ್ಷನ್ ದೀಪ ಮತ್ತು ರೀಜನ್ (ಮೋಟರೇ ಗಾಡಿಯ ವೇಗ ತಗ್ಗಿಸಿ ಬ್ಯಾಟರಿಗೆ ಚಾರ್ಜ್ ಕೊಡುವ ಬ್ರೇಕಿಂಗ್) ಲಭ್ಯವಿಲ್ಲ ಎಂಬ ಸೂಚನೆ ಒಟ್ಟೊಟ್ಟಿಗೆ ಬರುತ್ತಿವೆ. ಮೊದಲ ಸಲ ಗಾಡಿ ತಂದಾಗ ಕೋಡ್ ಅಳಿಸಿ ಕೊಟ್ಟರು. ಎರಡನೇ ಸಲ ತಂದಾಗ ಎಬಿಎಸ್ ಮಾಡ್ಯೂಲ್ (ಅದರ ನಿಯಂತ್ರಣ ಘಟಕ) ಕೆಟ್ಟಿದೆ, ನೀರು ಹೊಕ್ಕಿರುವುದರಿಂದ ವಾರಂಟಿ ಅನ್ವಯಿಸದು ಎಂದು ಬರೆದುಕೊಟ್ಟರು. ಈ ತೀರ್ಮಾನಕ್ಕೆ ಅವರದೇ ಜಾಬ್ ಕಾರ್ಡ್‌ನಲ್ಲಿ ಆಧಾರವಿಲ್ಲ.

ಸ್ಕ್ಯಾನರ್‌ನಲ್ಲಿ ಸಿಕ್ಕಿರುವುದು ಎರಡು ಕೋಡ್. ಸಿ0035 ಮುಂದಿನ ಎಡ ಚಕ್ರದ ವೇಗದ ಸೆನ್ಸರ್‌ಗೆ ಸೇರಿದ್ದು. ಯು3003 ಬ್ಯಾಟರಿ ವೋಲ್ಟೇಜ್‌ಗೆ ಸೇರಿದ್ದು. ಎರಡನೆಯದು ಮೊದಲ ಭೇಟಿಯಲ್ಲಿ ಇರಲೇ ಇಲ್ಲ. ಗಾಡಿ ನಿಮ್ಮ ಅಂಗಳದಲ್ಲಿ ಮೂರು ದಿನ ನಿಂತ ಮೇಲೆ ಸೇರಿಕೊಂಡಿದೆ. ರೆಡಿ ಮೋಡ್‌ಗೆ (ಗಾಡಿ ಓಡಲು ಸಿದ್ಧವಾದ ಸ್ಥಿತಿ) ತಾರದೆ ಬರೀ ಇಗ್ನಿಷನ್ ಆನ್ ಇಟ್ಟು ಸ್ಕ್ಯಾನರ್ ಜೋಡಿಸಿದರೆ ಈ ಕಾರಿನಲ್ಲಿ ದೊಡ್ಡ ಬ್ಯಾಟರಿಯಿಂದ 12 ವೋಲ್ಟ್ ಬ್ಯಾಟರಿಯನ್ನು ತುಂಬಿಸುವ ಡಿಸಿ-ಡಿಸಿ ಕನ್ವರ್ಟರ್ ಚಾರ್ಜ್ ಕೊಡುವುದಿಲ್ಲ, 12 ವೋಲ್ಟ್ ಬ್ಯಾಟರಿ ಇಳಿಯುತ್ತ ಹೋಗುತ್ತದೆ. ಗಾಡಿ ವಾಪಸ್ ಕೊಟ್ಟ ದಿನ ಆ ಬ್ಯಾಟರಿ 11.9 ವೋಲ್ಟ್ ತೋರಿಸುತ್ತಿತ್ತು. ಪೂರ್ತಿ ಚಾರ್ಜ್ ಆಗಿ ಸುಮ್ಮನಿರುವ ಬ್ಯಾಟರಿಯಲ್ಲಿ 12.6ರ ಆಸುಪಾಸು ಇರಬೇಕು. ರೆಡಿ ಮೋಡ್‌ನಲ್ಲಿ 14.1 ವೋಲ್ಟ್ ಬರುತ್ತಿದೆ, ಆದ್ದರಿಂದ ಕನ್ವರ್ಟರ್ ಸರಿಯಿದೆ. ಈ ಎರಡು ಕೋಡ್‌ಗಳಲ್ಲಿ ಯಾವುದೂ ಮಾಡ್ಯೂಲಿನ ಒಳಗಿನ ದೋಷವನ್ನು ಹೇಳುವುದಿಲ್ಲ.

ಜಾಬ್ ಕಾರ್ಡ್‌ನಲ್ಲಿರುವ ‘ಸೆನ್ಸರ್ ರೆಸಿಸ್ಟೆನ್ಸ್ ಓಕೆ’ ಎಂಬ ಸಾಲು ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡಿದೆ. ಇದರಲ್ಲಿರುವುದು ಎರಡು ತಂತಿಯ ಆ್ಯಕ್ಟಿವ್ ಸೆನ್ಸರ್. ಹಳೇ ಕಾಲದ ಕಾಯಿಲ್ ಸೆನ್ಸರ್‌ನ ಹಾಗೆ ಓಮ್ ಅಳೆದು ಇದನ್ನು ಪಾಸು ಮಾಡಲು ಬರುವುದಿಲ್ಲ. ಇದಕ್ಕೆ ಮಾಡ್ಯೂಲಿನಿಂದ ವಿದ್ಯುತ್ ಪೂರೈಕೆ ಬೇಕು. ಚಕ್ರ ತಿರುಗಿದಂತೆ ಕರೆಂಟ್ ಸುಮಾರು 7 ಮತ್ತು 14 ಮಿಲಿಆಂಪಿಯರ್ ನಡುವೆ ಜಿಗಿಯುತ್ತಿರಬೇಕು. ಸೆನ್ಸರ್ ಕನೆಕ್ಟರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ, ಹಾರ್ನೆಸ್ (ಮಾಡ್ಯೂಲಿನಿಂದ ಬರುವ ವಯರಿಂಗ್) ಕಡೆ ಪೂರೈಕೆ ಬರುತ್ತಿದೆಯೇ ಎಂದು ನೋಡುವುದು ಐದು ನಿಮಿಷದ ಕೆಲಸ. ಅದನ್ನು ಮಾಡಿದ ದಾಖಲೆಯಿಲ್ಲ. ಅಲ್ಲಿ ಪೂರೈಕೆ ಸರಿಯಾಗಿಯೇ ಇದೆ.

ಗಾಡಿ ಓಡುವಾಗ ಸ್ಕ್ಯಾನರ್ ತೋರಿಸುವ ಲೈವ್ ಡೇಟಾ ಇನ್ನೂ ಸ್ಪಷ್ಟ. ಸ್ಟಿಯರಿಂಗ್ ನೆಟ್ಟಗಿರುವಾಗ ಗಂಟೆಗೆ 15 ಕಿ.ಮೀ. ವೇಗದಲ್ಲಿ ನಾಲ್ಕೂ ಚಕ್ರಗಳ ಅಂಕಿ ಹೊಂದುತ್ತವೆ. ಸ್ಟಿಯರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ನಿಧಾನವಾಗಿ ಸುತ್ತು ಹೊಡೆದರೆ ಮುಂದಿನ ಎಡ ಚಕ್ರದ ಅಂಕಿ ಮಾತ್ರ ಸೊನ್ನೆಗೆ ಬೀಳುತ್ತದೆ, ನೆಟ್ಟಗೆ ಮಾಡಿದ ಕೂಡಲೇ ಮರಳುತ್ತದೆ. ಬೇರಿಂಗನ್ನು ತಿರುಗುಮುರುಗಾಗಿ ಕೂರಿಸಿ ಸೆನ್ಸರ್ ವೇಗ ಓದುವ ಬೇರಿಂಗಿನ ಮ್ಯಾಗ್ನೆಟಿಕ್ ರಿಂಗ್ ಸೆನ್ಸರ್‌ಗೆ ಬೆನ್ನು ಮಾಡಿದ್ದರೆ ಸಿಗ್ನಲ್ ಬರುತ್ತಲೇ ಇರಲಿಲ್ಲ. ಮಾಡ್ಯೂಲ್ ಕೆಟ್ಟಿದ್ದರೆ ಅದು ಸ್ಟಿಯರಿಂಗ್ ತಿರುಗಿಸುವುದಕ್ಕಾಗಿ ಕಾಯುವುದಿಲ್ಲ. ಚಕ್ರದ ಬಳಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ: ಸೆನ್ಸರ್ ವಯರನ್ನು ಹಿಡಿದಿಡುವ ರಬ್ಬರ್ ಗ್ರೊಮೆಟ್ ಸ್ಟ್ರಟ್‌ನ (ಸಸ್ಪೆನ್ಷನ್ ಕಂಬದ) ಬ್ರ್ಯಾಕೆಟ್ಟಿನಲ್ಲಿ ಕೂತಿಲ್ಲ. ಬೇರಿಂಗ್ ಕೆಲಸಕ್ಕೆಂದು ಬಿಚ್ಚಿದವರು ವಾಪಸ್ ಹಾಕಿಲ್ಲ. ಪ್ರತಿ ತಿರುವಿನಲ್ಲೂ ವಯರ್ ಬಿಗಿದು, ಹೊರಗಿನ ಕವಚ ಹಾಗೇ ಇದ್ದು, ಒಳಗಿನ ತಾಮ್ರದ ಎಳೆ ತುಂಡಾಗಿದೆ; ಸ್ಟಿಯರಿಂಗ್ ನೆಟ್ಟಗಿದ್ದಾಗ ತುದಿಗಳು ತಾಗುತ್ತವೆ, ತಿರುಗಿಸಿದಾಗ ಬಿಡುತ್ತವೆ. ನಿಂತ ಗಾಡಿಯಲ್ಲಿ, ನೆಟ್ಟಗಿನ ಸ್ಟಿಯರಿಂಗಿನಲ್ಲಿ ಕೋಡ್ ಅಳಿಸಿದರೆ ದೀಪ ಆರುವುದು ಸಹಜ. ಮೊದಲ ಭೇಟಿಯಲ್ಲಿ ಆಗಿದ್ದು ಇದೇ.

ನೀರು ಹೊಕ್ಕಿದೆ ಎಂಬ ಮಾತಿಗೆ ಮಾಡ್ಯೂಲ್ ಕನೆಕ್ಟರಿನ ಪಿನ್‌ಗಳ ಫೋಟೊ ಕೊಡಿ. ನೀರು ಕುಡಿದ ಕನೆಕ್ಟರಿನಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಇಲ್ಲಿ ಪಿನ್‌ಗಳು ಹೊಳೆಯುತ್ತಿವೆ.

ಇದು ಬರೀ ಹಣದ ಪ್ರಶ್ನೆಯಲ್ಲ. ಚಕ್ರದ ವೇಗ ತಿಳಿಯದಿದ್ದಾಗ ಕಾರು ರೀಜನ್ ನಿಲ್ಲಿಸುವುದು ಸರಿಯೇ, ಏಕೆಂದರೆ ಮೋಟರು ಎಳೆದು ಹಿಡಿದ ಚಕ್ರ ಜಾರುತ್ತಿದೆಯೇ ಎಂದು ಅದಕ್ಕೆ ಗೊತ್ತಾಗದು. ಆದರೆ ಶಿರಾಡಿ ಘಾಟಿ ಇಳಿಯುವಾಗ ರೀಜನ್ ಹೋದರೆ ಇಡೀ ಭಾರ ಡಿಸ್ಕ್ ಮತ್ತು ಪ್ಯಾಡ್‌ಗಳ ಮೇಲೆ ಬೀಳುತ್ತದೆ, ಮಳೆಯಲ್ಲಿ ಎಬಿಎಸ್‌ನ ಆಸರೆಯೂ ಇರುವುದಿಲ್ಲ. ಡಾಟ್ 4 ಬ್ರೇಕ್ ಫ್ಲೂಯಿಡ್ ಹೊಸದಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು; ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ, ಕುದಿದರೆ ಬ್ರೇಕ್ ಹಿಡಿಯುವುದಿಲ್ಲ. ಇಂಥ ಗಾಡಿಯನ್ನು ಕೋಡ್ ಅಳಿಸಿ ರಸ್ತೆಗೆ ಬಿಟ್ಟಿದ್ದು ಗಂಭೀರ ತಪ್ಪು.

ಆದ್ದರಿಂದ ಹತ್ತು ದಿನದೊಳಗೆ ಮುಂದಿನ ಎಡ ಸೆನ್ಸರನ್ನು ಅದರ ವಯರ್ ಸಮೇತ ಉಚಿತವಾಗಿ ಬದಲಾಯಿಸಿ, ಗ್ರೊಮೆಟ್ ಮತ್ತು ಕ್ಲಿಪ್‌ಗಳನ್ನು ಅವುಗಳ ಜಾಗದಲ್ಲೇ ಕೂರಿಸಿ. ವಯರ್ ಬೆಸೆದು ಟೇಪ್ ಸುತ್ತುವುದು ಬೇಡ. ಸದಾ ಅಲುಗುವ ಜಾಗದಲ್ಲಿ ಅದು ಮತ್ತೆ ಬಿಡುತ್ತದೆ. ಬ್ಯಾಟರಿ ಚಾರ್ಜ್ ಮಾಡಿ ಲೋಡ್ ಟೆಸ್ಟ್ ಮಾಡಿ. ಬಳಿಕ ಎರಡೂ ಕಡೆ ಫುಲ್ ಲಾಕ್ ತಿರುಗಿಸಿ ಓಡಿಸಿ, ನಾಲ್ಕು ಚಕ್ರಗಳ ಲೈವ್ ಡೇಟಾದ ಪ್ರತಿ ಕೊಡಿ.

ಆಮೇಲೂ ಮಾಡ್ಯೂಲೇ ಕೆಟ್ಟಿದೆ ಎನ್ನುವುದಾದರೆ ಅದರ ಪವರ್ ಪಿನ್ನಿನ ವೋಲ್ಟೇಜ್ ಮತ್ತು ಅರ್ತ್‌ನ ವೋಲ್ಟೇಜ್ ಡ್ರಾಪ್ ಎಷ್ಟು ಬಂತೆಂದು ಬರೆದು ಸಹಿ ಮಾಡಿ ಕೊಡಿ. ಮಾಡ್ಯೂಲ್ ಬದಲಿಸಿದರೆ ಕೋಡಿಂಗ್ (ಹೊಸ ಮಾಡ್ಯೂಲನ್ನು ಈ ಕಾರಿಗೆ ಹೊಂದಿಸುವುದು) ಮಾಡಬೇಕು, ಸ್ಕ್ಯಾನರ್ ಮೂಲಕ ಬ್ಲೀಡಿಂಗ್ (ಬ್ರೇಕ್ ಪೈಪಿನ ಗಾಳಿ ತೆಗೆಯುವುದು) ಮಾಡಬೇಕು. ನಿಮ್ಮ ಎಸ್ಟಿಮೇಟ್‌ನಲ್ಲಿ ಅವೆರಡರ ಉಲ್ಲೇಖವೂ ಇಲ್ಲ.

ಉತ್ತರ ಬಾರದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.

ಲಗತ್ತು: ಎರಡು ಜಾಬ್ ಕಾರ್ಡ್, ಎಸ್ಟಿಮೇಟ್, ಬೇರಿಂಗ್ ಕೆಲಸದ ಬಿಲ್, ಲೈವ್ ಡೇಟಾದ ವಿಡಿಯೊ, ಗ್ರೊಮೆಟ್ ಮತ್ತು ಪಿನ್‌ಗಳ ಫೋಟೊ.

ಇಂತಿ,
ವಾಹನದ ಮಾಲೀಕ